ಎದೆಹಾಲು, ಪಂಪ್, ಬಾಟಲಿ: ಹೊಸ ತಾಯಿಯ ನೂರೆಂಟು ಗೊಂದಲ

ರಾತ್ರಿ ಎರಡು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ಹದಿನೈದು ದಿನದ ಮಗು ಎದೆಗಂಟಿಕೊಂಡು ಕುಡಿದು, ಹತ್ತು ನಿಮಿಷ ಕಣ್ಣು ಮುಚ್ಚಿ, ಮತ್ತೆ ಅಳಲು ತೊಡಗಿದೆ. ಹೊಲಿಗೆಯ ನೋವು, ಮೊಲೆತೊಟ್ಟಿನ ಉರಿ, ನಿದ್ದೆಯಿಲ್ಲದ ಕಣ್ಣು. ಹಗಲು ಮಗುವನ್ನು ನೋಡಲು ಬಂದ ನೆಂಟರೊಬ್ಬರು ಹೇಳಿದ ಮಾತು ಈಗ ನಿಮ್ಮ ಕಿವಿಯಲ್ಲಿ ಗುಂಯ್‌ಗುಡುತ್ತದೆ: "ಪಾಪ, ಮಗುವಿಗೆ ಹೊಟ್ಟೆ ತುಂಬುವುದಿಲ್ಲ. ನಿನಗೆ ಹಾಲು ಸಾಲದು. ಒಂದು ಡಬ್ಬ ತರಿಸಬಾರದೇ?"

ಈ ಮಾತನ್ನು ಕೇಳದ ಬಾಣಂತಿ ನಮ್ಮ ಮನೆಗಳಲ್ಲಿ ಸಿಗುವುದು ಅಪರೂಪ. ಹೇಳುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಅದು ಹೊಸ ತಾಯಿಯ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಡುತ್ತದೆ. ಆಕೆ ತನ್ನ ದೇಹದ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತಾಳೆ. ಒಂದು ಬಾಟಲಿ ಬರುತ್ತದೆ, ಬಳಿಕ ಎರಡು ಬರುತ್ತದೆ. ಮಗು ಎದೆಗೆ ಬರುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ. ಕೊನೆಗೆ ನೆಂಟರ ಮಾತೇ ನಿಜವಾಗುತ್ತದೆ! ಮಾತು ಹೇಗೆ ನಿಜವಾಯಿತೆಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಕಡೆ, ಮಗುವಿಗೆ ನಿಜವಾಗಿಯೂ ಹಾಲು ಸಾಲದಿರುವ ಸಂದರ್ಭಗಳೂ ಇವೆ. ಅಲ್ಲಿ "ಎದೆಹಾಲೇ ಶ್ರೇಷ್ಠ" ಎಂದು ಹಟ ಹಿಡಿದು ಕುಳಿತರೆ ಮಗುವಿನ ಜೀವಕ್ಕೇ ಅಪಾಯ. ಹಾಗಾದರೆ ಯಾವುದು ಸುಮ್ಮನೆ ಹೆದರಿಕೆ, ಯಾವುದು ನಿಜವಾದ ಅಪಾಯ? ಪಂಪ್ ಯಾವಾಗ ಬೇಕು? ಬಾಟಲಿ ಕೊಡುವುದಿದ್ದರೆ ಹೇಗೆ ಕೊಡಬೇಕು? ಬನ್ನಿ, ಒಂದೊಂದಾಗಿ ನೋಡೋಣ.

ಮೊದಲ ಗಂಟೆಯ ಬೆಲೆ

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ದೇಶದಲ್ಲಿ 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 88ಕ್ಕಿಂತ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದವು. ಆದರೂ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಸುಮಾರು ಶೇ. 42 ಮಕ್ಕಳಿಗೆ ಮಾತ್ರ. ಅಂದರೆ ಡಾಕ್ಟರರು, ನರ್ಸ್‌ಗಳು ಪಕ್ಕದಲ್ಲೇ ಇದ್ದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಗಂಟೆ ತಪ್ಪಿಹೋಗಿದೆ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ ದಪ್ಪ ಹಾಲು. ಅದು ಬಹಳ ಸ್ವಲ್ಪವೇ ಇರುತ್ತದೆ. ಅದನ್ನು ಕಂಡೇ ಅನೇಕರು "ಹಾಲು ಬಂದಿಲ್ಲ" ಎಂದು ತೀರ್ಮಾನಿಸುವುದು. ಆದರೆ ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದೇ ಒಂದು ಚಮಚದಷ್ಟು. ಆ ಹನಿಗಳಲ್ಲಿ ರೋಗ ತಡೆಯುವ ಶಕ್ತಿ ತುಂಬಿರುತ್ತದೆ. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಬಿಟ್ಟುಬಿಡಿ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸಾಮಾನ್ಯವಾಗಿ ಎದೆ ತುಂಬಿ ಬರುತ್ತದೆ. ಸಿಸೇರಿಯನ್ ಆದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಒಂದೆರಡು ದಿನ ತಡವಾಗಬಹುದು. ಸಿಸೇರಿಯನ್ ಆದರೂ ಮಗುವನ್ನು ಎದೆಗೆ ಹಚ್ಚಬಹುದು. ಮಲಗಿಕೊಂಡೇ ಕುಡಿಸಲು ನರ್ಸ್‌ರ ಸಹಾಯ ಕೇಳಿ. ಕೇಳಲು ನಾಚಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಹುಟ್ಟಿದ ಮಗುವಿನ ಬಾಯಿಗೆ ಸಿಹಿ ಸವರುವ 'ತಹ್ನೀಕ್' ನಮ್ಮಲ್ಲಿ ರೂಢಿಯಲ್ಲಿದೆ. ಪ್ರವಾದಿ(ಸ)ಯವರು ಖರ್ಜೂರವನ್ನು ಮೆತ್ತಗೆ ಮಾಡಿ ಸವರುತ್ತಿದ್ದುದು ಹದೀಸ್‌ಗಳಲ್ಲಿದೆ. ಆದರೆ ಕೆಲವು ಮನೆಗಳಲ್ಲಿ ಖರ್ಜೂರದ ಬದಲು ಜೇನು ನೆಕ್ಕಿಸುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಪುಟ್ಟ ಮಕ್ಕಳ ಕರುಳಿನಲ್ಲಿ ಬೆಳೆದು ಬಾಟುಲಿಸಮ್ ಎಂಬ ಕಾಯಿಲೆ ತರುತ್ತದೆ. ಅದರಿಂದ ಸ್ನಾಯುಗಳು ಬಲಗುಂದಿ ಮಗುವಿಗೆ ಉಸಿರಾಟವೇ ಕಷ್ಟವಾಗಬಹುದು. ಖರ್ಜೂರವನ್ನು ಸವರುವುದಾದರೂ ಶುಭ್ರವಾದ ಕೈಯಿಂದ, ಗಂಟಲಿಗೆ ಸಿಕ್ಕಿಕೊಳ್ಳುವ ನಾರಾಗಲಿ ತುಣುಕಾಗಲಿ ಇಲ್ಲದಂತೆ, ತುಸುವೇ ರಸ ಸವರಿದರೆ ಸಾಕು. ಜ್ವರ, ಕೆಮ್ಮು, ಬಾಯಿಹುಣ್ಣು ಇರುವವರು ಈ ಕೆಲಸಕ್ಕೆ ಬೇಡ.

ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ನೀರೂ ಬೇಡ. "ಎಪ್ರಿಲ್ ಸೆಕೆಗೆ ಮಗುವಿನ ಗಂಟಲು ಒಣಗುವುದಿಲ್ಲವೇ?" ಎಂದು ಅಜ್ಜಿ ಕೇಳಬಹುದು. ಎದೆಹಾಲಿನಲ್ಲಿ ಹೆಚ್ಚಿನ ಭಾಗ ನೀರೇ. ಸೆಕೆಯ ದಿನಗಳಲ್ಲಿ ಮಗು ಹೆಚ್ಚು ಸಲ ಕುಡಿಯುತ್ತದೆ, ಅಷ್ಟೇ. ಡಾಕ್ಟರರು ಬರೆದುಕೊಡುವ ವಿಟಮಿನ್ ಡಿ ಹನಿಗಳನ್ನು ಮಾತ್ರ ತಪ್ಪಿಸಬೇಡಿ.

ಹಾಲು ಸಾಲುತ್ತದೆಯೇ? ಲೆಕ್ಕ ಹಾಕುವುದು ಹೇಗೆ?

ಮಗುವಿನ ಅಳುವಿನಿಂದ ಹಾಲಿನ ಲೆಕ್ಕ ಹಾಕಬಾರದು. ಮಗು ಹಸಿವಿಗೆ ಮಾತ್ರ ಅಳುವುದಿಲ್ಲ. ಒದ್ದೆಯಾದರೂ, ಸೆಕೆಯಾದರೂ, ಹೊಟ್ಟೆಯಲ್ಲಿ ಗಾಳಿ ತುಂಬಿದರೂ, ಸುಮ್ಮನೆ ನಿಮ್ಮ ಮೈಯ ಬಿಸಿ ಬೇಕೆನಿಸಿದರೂ ಅಳುತ್ತದೆ. ಎದೆ ಮೆತ್ತಗಾಗಿರುವುದೂ ಹಾಲಿಲ್ಲದ ಲಕ್ಷಣವಲ್ಲ. ಕೆಲವು ವಾರಗಳ ಬಳಿಕ ಎದೆ ಮೆತ್ತಗಾಗುವುದು ಸಹಜ. ಪಂಪ್‌ನಲ್ಲಿ ಕಡಿಮೆ ಹಾಲು ಬಂದರೂ ಗಾಬರಿ ಬೇಡ. ಮಗು ಎಳೆದುಕೊಳ್ಳುವಷ್ಟು ಹಾಲನ್ನು ಯಂತ್ರ ಎಳೆಯಲಾರದು.

ಲೆಕ್ಕ ಹಾಕಬೇಕಾದದ್ದು ಬಟ್ಟೆ ಮತ್ತು ತೂಕದಿಂದ.

ಮಗು ದಿನದ 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯುತ್ತಿರಬೇಕು. ಕುಡಿಯುವಾಗ ನುಂಗುವ ಸದ್ದು ಕೇಳಬೇಕು. ಐದನೆಯ ದಿನದ ನಂತರ ದಿನಕ್ಕೆ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಮೂತ್ರ ಮಾಡಬೇಕು, ಮೂತ್ರ ತಿಳಿಯಾಗಿರಬೇಕು. ಮೊದಲು ಕಪ್ಪಾಗಿದ್ದ ಮಲ ಐದನೆಯ ದಿನದ ಹೊತ್ತಿಗೆ ಹಳದಿಗೆ ತಿರುಗಬೇಕು. ಹುಟ್ಟಿದ ಮೇಲೆ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಆದರೆ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಇಷ್ಟೂ ಸರಿಯಿದ್ದರೆ, ಸಹೋದರಿ, ನಿಮ್ಮ ಹಾಲು ಸಾಲುತ್ತದೆ. ಯಾರು ಏನೇ ಹೇಳಲಿ.

ಇನ್ನು ಅಪಾಯದ ಲಕ್ಷಣಗಳು. ಕುಡಿಯಲು ಎಬ್ಬಿಸಿದರೂ ಏಳದ ಮಂಪರು, ದಿನದಲ್ಲಿ ಎರಡು ಮೂರು ಸಲವಷ್ಟೇ ಗಾಢ ಬಣ್ಣದ ಮೂತ್ರ, ಒಣಗಿದ ಬಾಯಿ, ಕಣ್ಣು ಮತ್ತು ಮೈ ಹೆಚ್ಚುಹೆಚ್ಚು ಹಳದಿಯಾಗುವುದು, ತೂಕ ಇಳಿಯುತ್ತಲೇ ಹೋಗುವುದು, ಮೈ ಬಿಸಿ ಅಥವಾ ತಣ್ಣಗಾಗುವುದು. ಇವುಗಳಲ್ಲಿ ಒಂದು ಕಂಡರೂ "ನಾಳೆ ನೋಡೋಣ" ಎನ್ನಬೇಡಿ. ಅಂದೇ ಮಕ್ಕಳ ಡಾಕ್ಟರಲ್ಲಿಗೆ ಹೋಗಿ. ತೀರಾ ಸದ್ದಿಲ್ಲದೆ ಮಲಗಿಯೇ ಇರುವ ಎಳೆಮಗುವನ್ನು "ಒಳ್ಳೆಯ ಮಗು, ಅಳುವುದೇ ಇಲ್ಲ" ಎಂದು ಹೊಗಳುತ್ತಾ ಕೂರುವುದು ಕೆಲವೊಮ್ಮೆ ದುಬಾರಿಯಾಗುತ್ತದೆ.

ಕಚ್ಚುವ ರೀತಿ ಸರಿಯಾದರೆ ಅರ್ಧ ಸಮಸ್ಯೆ ಮುಗಿಯಿತು

ಮೊಲೆತೊಟ್ಟು ಒಡೆದು ರಕ್ತ ಬರುವುದು, ಮಗು ಗಂಟೆಗಟ್ಟಲೆ ಕುಡಿದರೂ ತೃಪ್ತಿಯಾಗದಿರುವುದು, ಎದೆಯಲ್ಲಿ ಹಾಲು ಕಟ್ಟಿಕೊಳ್ಳುವುದು - ಹೆಚ್ಚಾಗಿ ಈ ಮೂರಕ್ಕೂ ಕಾರಣ ಒಂದೇ. ಮಗು ಬರೀ ತೊಟ್ಟನ್ನು ಕಚ್ಚುತ್ತಿರುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಮಗುವಿನ ಬಾಯಿಯೊಳಗೆ ಹೋಗಬೇಕು.

ನೀವು ಬೆನ್ನಿಗೆ ದಿಂಬು ಕೊಟ್ಟು ಆರಾಮವಾಗಿ ಕುಳಿತುಕೊಳ್ಳಿ. ನೀವು ಮಗುವಿನತ್ತ ಬಾಗಬೇಡಿ, ಮಗುವನ್ನು ನಿಮ್ಮತ್ತ ತನ್ನಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ತಲೆ, ಕುತ್ತಿಗೆ, ಬೆನ್ನು ನೇರವಾಗಿರಲಿ. ತೊಟ್ಟಿನಿಂದ ಮಗುವಿನ ಮೇಲ್ದುಟಿಯನ್ನು ಮೆಲ್ಲಗೆ ಸವರಿ. ಆಕಳಿಸುವಂತೆ ಬಾಯಿ ದೊಡ್ಡದಾಗಿ ತೆರೆದಾಗ ಹತ್ತಿರಕ್ಕೆ ಸೆಳೆದುಕೊಳ್ಳಿ. ಸರಿಯಾಗಿ ಕಚ್ಚಿದ್ದರೆ ಮಗುವಿನ ಗಲ್ಲ ಎದೆಗೆ ತಾಗಿರುತ್ತದೆ, ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ಮೊದಲ ಕ್ಷಣಗಳ ನಂತರ ನೋವಿರುವುದಿಲ್ಲ. ನೋವಿದ್ದರೆ ಸಹಿಸಿಕೊಂಡು ಕೂರಬೇಡಿ. ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿಗೆ ಹಾಕಿ ಬಿಡಿಸಿ, ಮತ್ತೆ ಹಚ್ಚಿ. ಹತ್ತು ಸಲ ಬಿಡಿಸಬೇಕಾಗಿ ಬಂದರೂ ಪರವಾಗಿಲ್ಲ.

ಎದೆ ಕಲ್ಲಿನಂತೆ ಗಟ್ಟಿಯಾದರೆ ಮಗುವಿಗೆ ಕಚ್ಚಲಾಗುವುದಿಲ್ಲ. ಆಗ ಕೈಯಿಂದ ಸ್ವಲ್ಪ ಹಾಲು ಹಿಂಡಿ ಮೆದು ಮಾಡಿ ಹಚ್ಚಿ. ಕುಡಿಸಿದ ಬಳಿಕ ತಣ್ಣನೆಯ ಬಟ್ಟೆ ಇಟ್ಟರೆ ಊತ ಇಳಿಯುತ್ತದೆ. ಎದೆಯ ಒಂದು ಭಾಗ ಕೆಂಪಾಗಿ, ಮುಟ್ಟಿದರೆ ನೋವಾಗಿ, ಚಳಿಜ್ವರ ಬಂದರೆ ಡಾಕ್ಟರಿಗೆ ತೋರಿಸಿ. "ಜ್ವರದ ಹಾಲು ಮಗುವಿಗೆ ಬೇಡ" ಎಂದು ಹಿರಿಯರು ತಡೆಯಬಹುದು. ಆದರೆ ಇಂತಹ ಜ್ವರದಲ್ಲಿ ಕುಡಿಸುವುದನ್ನು ನಿಲ್ಲಿಸಿದರೆ ನೋವು ಇನ್ನಷ್ಟು ಹೆಚ್ಚುತ್ತದೆ. ಆ ಹಾಲು ಮಗುವಿಗೆ ಹಾನಿಯಲ್ಲ. ಮದ್ದು ಬರೆಸುವಾಗ ಎದೆಹಾಲು ಕುಡಿಸುತ್ತಿರುವುದನ್ನು ಡಾಕ್ಟರಿಗೆ ತಿಳಿಸಿದರೆ ಸಾಕು.

ಪಂಪ್ ಯಾರಿಗೆ ಬೇಕು?

ಮಗು ನಿಮ್ಮ ಬಳಿಯೇ ಇದ್ದು, ಚೆನ್ನಾಗಿ ಕುಡಿಯುತ್ತಿದ್ದರೆ ಪಂಪ್ ಬೇಕಾಗಿಯೇ ಇಲ್ಲ. ಯಾರೋ ಗಲ್ಫ್‌ನಿಂದ ತಂದುಕೊಟ್ಟರೆಂದು ಬಳಸಬೇಕಾದ ವಸ್ತು ಅದಲ್ಲ. ಬೇಕಾಗುವುದು ಮಗು ತಿಂಗಳು ತುಂಬದೆ ಹುಟ್ಟಿ ಆಸ್ಪತ್ರೆಯ ಐಸಿಯುನಲ್ಲಿದ್ದಾಗ, ಮಗುವಿಗೆ ಎಳೆದು ಕುಡಿಯುವ ಶಕ್ತಿ ಇಲ್ಲದಾಗ, ತಾಯಿ ಕೆಲಸಕ್ಕೋ ಕಾಲೇಜಿಗೋ ಹೋಗಬೇಕಾದಾಗ, ಅಥವಾ ಡಾಕ್ಟರರ ಸಲಹೆಯಂತೆ ಹಾಲು ಹೆಚ್ಚಿಸಬೇಕಾದಾಗ.

ಮಗು ಐಸಿಯುನಲ್ಲಿದ್ದರೆ ಕಾಯುತ್ತಾ ಕೂರಬೇಡಿ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಪ್ರಾರಂಭಿಸಿ, ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ರಾತ್ರಿ ಒಂದು ಸಲ ಕಡ್ಡಾಯ. ಯಾಕೆಂದರೆ ಹಾಲು ಉಂಟುಮಾಡುವ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ. ಮೊದಲ ದಿನಗಳಲ್ಲಿ ಹನಿಗಳಷ್ಟೇ ಬಂದರೂ ನಿರಾಶರಾಗಬೇಡಿ. ತೂಕ ಕಡಿಮೆಯಿರುವ ಮಗುವಿಗೆ ಆ ಹನಿಗಳೇ ಮದ್ದು.

ಮೊದಲು ಕೈಯಿಂದ ಹಿಂಡಲು ಕಲಿಯಿರಿ. ಅದಕ್ಕೆ ಖರ್ಚಿಲ್ಲ, ಕರೆಂಟ್ ಬೇಡ. ಕೈ ಚೆನ್ನಾಗಿ ತೊಳೆದು, ಕುದಿಸಿದ ಅಗಲ ಬಾಯಿಯ ಸ್ಟೀಲ್ ಪಾತ್ರೆ ಹಿಡಿಯಿರಿ. ಬೆಚ್ಚಗಿನ ಬಟ್ಟೆ ಇಟ್ಟು ಎದೆಯನ್ನು ಮೆಲ್ಲಗೆ ನೀವಿ. ಹೆಬ್ಬೆರಳನ್ನು ಕಪ್ಪು ಭಾಗದ ಅಂಚಿನ ಮೇಲೆ, ತೋರುಬೆರಳನ್ನು ಅದರ ಕೆಳಗೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಬಳಿಕ ಎರಡು ಬೆರಳನ್ನೂ ಒಂದರತ್ತ ಒಂದು ಅದುಮಿ, ಬಿಡಿ. ಒತ್ತಿ, ಅದುಮಿ, ಬಿಡಿ. ತೊಟ್ಟನ್ನೇ ಎಳೆಯಬಾರದು, ಚರ್ಮದ ಮೇಲೆ ಬೆರಳು ಜಾರಿಸಬಾರದು. ಒಂದು ಕಡೆ ಕಡಿಮೆಯಾದಾಗ ಇನ್ನೊಂದು ಕಡೆ. ಒಟ್ಟು ಇಪ್ಪತ್ತು ಮೂವತ್ತು ನಿಮಿಷ ಹಿಡಿಯಬಹುದು.

ಪಂಪ್ ಕೊಳ್ಳುವುದಾದರೆ ಅದರ ಕೊಳವೆಯ ಅಳತೆ ನೋಡಿ. ಎಳೆಯುವಾಗ ತೊಟ್ಟು ಬದಿಗಳಿಗೆ ಉಜ್ಜಬಾರದು. ಶಕ್ತಿ ಹೆಚ್ಚಿಸಿದರೆ ಹಾಲು ಹೆಚ್ಚುವುದಿಲ್ಲ, ನೋವು ಹೆಚ್ಚುತ್ತದೆ. ಹಾಲು ತಾಗುವ ಎಲ್ಲ ಭಾಗಗಳನ್ನೂ ಪ್ರತಿ ಸಲ ಸೋಪು ನೀರಿನಲ್ಲಿ ತೊಳೆಯಬೇಕು. ಮೀನು ತೊಳೆದ ಸಿಂಕಿನಲ್ಲಿ ಅಲ್ಲ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ. ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ, ಗಾಳಿಗೆ ಒಣಗಲು ಬಿಡಿ. ಇನ್ನೊಬ್ಬರು ಬಳಸಿದ ಸಣ್ಣ ಪಂಪನ್ನು ಕೇಳಿ ತರುವ ಅಭ್ಯಾಸ ಒಳ್ಳೆಯದಲ್ಲ. ಅವುಗಳಲ್ಲಿ ಹೆಚ್ಚಿನವು ಒಬ್ಬರ ಬಳಕೆಗೆಂದೇ ಮಾಡಿದವು. ಒಳಗೆ ಸೇರಿದ ಹಾಲನ್ನು ತೊಳೆದು ತೆಗೆಯಲಾಗುವುದಿಲ್ಲ.

ಹಿಂಡಿದ ಹಾಲನ್ನು ಇಡುವುದು

ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಗುವನ್ನು ನೋಡಿಕೊಳ್ಳುವ ಎಲ್ಲರೂ ಓದಲಿ.

- ಹೊರಗೆ, 25 ಡಿಗ್ರಿಯೊಳಗಿನ ತಂಪಾದ ಕೋಣೆಯಲ್ಲಿ: 4 ಗಂಟೆ. ನಮ್ಮ ಕರಾವಳಿಯ ಸೆಕೆ ಅದಕ್ಕಿಂತ ಹೆಚ್ಚು. ಆದುದರಿಂದ ಹಿಂಡಿದ ಕೂಡಲೇ ಫ್ರಿಜ್ಜಿಗೆ ಇಡುವುದೇ ಕ್ಷೇಮ.
- ಫ್ರಿಜ್ಜಿನೊಳಗೆ: 4 ದಿನ. ಬಾಗಿಲಿನ ಅರೆಯಲ್ಲಿ ಬೇಡ, ಹಿಂಬದಿಯಲ್ಲಿಡಿ.
- ಬೇರೆ ಬಾಗಿಲಿರುವ ಫ್ರೀಜರಿನಲ್ಲಿ: 6 ತಿಂಗಳೊಳಗೆ ಬಳಸಿದರೆ ಉತ್ತಮ.
- ಫ್ರೀಜರಿನಿಂದ ತೆಗೆದು ಫ್ರಿಜ್ಜಿನಲ್ಲಿ ಪೂರ್ತಿ ಕರಗಿದ ಹಾಲು: 24 ಗಂಟೆ. ಮತ್ತೆ ಗಟ್ಟಿ ಮಾಡಬಾರದು.
- ಮಗು ಕುಡಿದು ಉಳಿದದ್ದು: 2 ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು.

ಒಂದು ಸಲಕ್ಕೆ ಬೇಕಾಗುವಷ್ಟನ್ನೇ, 60ರಿಂದ 100 ಮಿಲಿಯಂತೆ, ಬೇರೆ ಬೇರೆ ಡಬ್ಬಿಯಲ್ಲಿಡಿ. ಚೆಲ್ಲುವುದು ತಪ್ಪುತ್ತದೆ. ಕಷ್ಟಪಟ್ಟು ಹಿಂಡಿದ ಹಾಲನ್ನು ಚೆಲ್ಲುವಾಗಿನ ಸಂಕಟ ಹಿಂಡಿದವಳಿಗೇ ಗೊತ್ತು. ದಿನಾಂಕ ಬರೆದು, ಹಳೆಯದನ್ನು ಮೊದಲು ಬಳಸಿ. ಇಟ್ಟ ಹಾಲಿನಲ್ಲಿ ಕೆನೆ ಮೇಲೆ ಬಂದು ಬೇರೆಯಾದರೆ ಕೆಟ್ಟಿದೆಯೆಂದಲ್ಲ, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ. ಬೆಚ್ಚಗೆ ಮಾಡಲು ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಒಲೆಯ ಮೇಲೆ ಕುದಿಸಬೇಡಿ, ಮೈಕ್ರೋವೇವ್‌ನಲ್ಲಿ ಇಡಬೇಡಿ. ಮೈಕ್ರೋವೇವ್‌ನಲ್ಲಿ ಹಾಲು ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಸುಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಫ್ರಿಜ್ಜನ್ನು ತೆರೆದು ತೆರೆದು ನೋಡಬೇಡಿ. ಮುಚ್ಚಿಟ್ಟಷ್ಟೂ ತಂಪು ಉಳಿಯುತ್ತದೆ.

ಒಳಲೆಯೋ, ಬಾಟಲಿಯೋ?

ನಮ್ಮ ಅಜ್ಜಿಯಂದಿರ ಕಾಲದ ಒಳಲೆ ನಿಮ್ಮ ಮನೆಯ ಅಟ್ಟದಲ್ಲಿ ಇರಬಹುದು. ಅದನ್ನು ಕೆಳಗಿಳಿಸಿ. ಉದ್ದ ಮೂತಿಯ ಆ ಪುಟ್ಟ ಪಾತ್ರೆಯನ್ನು ಇಂದಿಗೂ ದಕ್ಷಿಣ ಭಾರತದ ಆಸ್ಪತ್ರೆಗಳ ಐಸಿಯುಗಳಲ್ಲಿ ಎಳೆಮಕ್ಕಳಿಗೆ ಹಾಲು ಕೊಡಲು ಬಳಸುತ್ತಾರೆ. ಸಂದುಗೊಂದುಗಳಿಲ್ಲದ ಪಾತ್ರೆಯಾದುದರಿಂದ ತೊಳೆಯುವುದು ಸುಲಭ. ಬಾಟಲಿಯ ರಬ್ಬರ್ ತೊಟ್ಟಿಗೆ ರೂಢಿಯಾಗಿ ಮಗು ಎದೆಯನ್ನು ಬೇಡವೆನ್ನುವ ಹೆದರಿಕೆಯೂ ಇಲ್ಲ. ಮಗುವಿನ ತಲೆಯನ್ನು ಸ್ವಲ್ಪ ಎತ್ತಿ ಹಿಡಿದು, ಬಾಯಿಯ ಬದಿಯಿಂದ ಸ್ವಲ್ಪಸ್ವಲ್ಪವೇ ಹಾಕಿ, ನುಂಗಿದ ನಂತರ ಮತ್ತೆ ಹಾಕಬೇಕು. ಕೈಕಾಲು ಹಿಡಿದು, ಅಳುವ ಬಾಯಿಗೆ ಸುರಿಯುವುದು ಮಾತ್ರ ಬೇಡ. ಹಾಲು ಶ್ವಾಸನಾಳಕ್ಕೆ ಹೋಗಬಹುದು. ಸಣ್ಣ ಲೋಟ, ಚಮಚ ಕೂಡಾ ಆಗುತ್ತದೆ.

ಬಾಟಲಿಯೇ ಬೇಕೆಂದಾದರೆ, ಮಗು ಎದೆಯಲ್ಲಿ ಚೆನ್ನಾಗಿ ಕುಡಿಯಲು ಕಲಿಯುವವರೆಗೆ, ಅಂದರೆ ಮೊದಲ ಮೂರು ನಾಲ್ಕು ವಾರ, ತಡೆಯುವುದು ಒಳ್ಳೆಯದು. ಕೊಡುವಾಗ ಮಗುವನ್ನು ಹೆಚ್ಚುಕಡಿಮೆ ಕುಳ್ಳಿರಿಸಿದಂತೆ ಹಿಡಿದು, ಬಾಟಲಿಯನ್ನು ಅಡ್ಡಲಾಗಿ ಹಿಡಿಯಿರಿ. ಹಾಲು ಧಾರೆಯಾಗಿ ಸುರಿಯಬಾರದು, ಮಗು ಎಳೆದಾಗ ಮಾತ್ರ ಬರಬೇಕು. ನಡುನಡುವೆ ನಿಲ್ಲಿಸಿ ಉಸಿರಾಡಲು ಬಿಡಿ. ಮಗು ಮುಖ ತಿರುಗಿಸಿದರೆ ಸಾಕೆಂದು ಅರ್ಥ. ಬಾಟಲಿಯಲ್ಲಿ ಉಳಿದದ್ದನ್ನು ಮುಗಿಸಲೇಬೇಕೆಂದು ಒತ್ತಾಯಿಸಬಾರದು. ಬಾಟಲಿಯನ್ನು ದಿಂಬಿಗೆ ಆನಿಸಿಟ್ಟು ಅಡುಗೆಮನೆಗೆ ಹೋಗುವುದಂತೂ ಕೂಡದು.

ಎದೆಗೆ ಒಗ್ಗಿದ ಮಗು ಬಾಟಲಿಯನ್ನು ತಳ್ಳಿಬಿಡುವುದೂ ಉಂಟು. ತಾಯಿಯೇ ಕೊಟ್ಟರೆ ಅದು ಎದೆಯನ್ನೇ ಹುಡುಕುತ್ತದೆ. ತಾಯಿ ಬೇರೆ ಕೋಣೆಯಲ್ಲಿದ್ದು, ತಂದೆಯೋ ಅಜ್ಜಿಯೋ ಕೊಟ್ಟರೆ ಕೆಲವೇ ದಿನಗಳಲ್ಲಿ ರೂಢಿಯಾಗುತ್ತದೆ. ಮಗು ವಿಪರೀತ ಹಸಿಯುವ ಮೊದಲೇ ಪ್ರಯತ್ನಿಸಿ.

ಡಬ್ಬದ ಹಾಲು: ಅಪರಾಧವಲ್ಲ, ಆಟವೂ ಅಲ್ಲ

ಕೆಲವು ತಾಯಂದಿರಿಗೆ ಎಷ್ಟು ಪ್ರಯತ್ನಿಸಿದರೂ ಹಾಲು ಸಾಲುವುದಿಲ್ಲ. ಕೆಲವರು ಕಠಿಣ ಮದ್ದುಗಳನ್ನು ತೆಗೆದುಕೊಳ್ಳಬೇಕಾಗುತ್ತದೆ. ಅವಳಿ ಮಕ್ಕಳಿರುತ್ತಾರೆ. ಡಾಕ್ಟರರು ಪರೀಕ್ಷಿಸಿ ಡಬ್ಬದ ಹಾಲು ಬೇಕೆಂದರೆ ಅದನ್ನು ಕೊಡುವ ತಾಯಿ ಯಾವ ತಪ್ಪನ್ನೂ ಮಾಡಿಲ್ಲ. ಮಗು ಹಸಿದಿರಬಾರದು ಎಂಬುದೇ ಮೊದಲ ನಿಯಮ. ಅಂತಹ ತಾಯಿಯನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಸಾಧ್ಯವಾದಷ್ಟು ಎದೆಹಾಲು, ಮಿಕ್ಕದ್ದಕ್ಕೆ ಡಬ್ಬದ ಹಾಲು ಎಂದು ಎರಡನ್ನೂ ಜೊತೆಯಲ್ಲಿ ಕೊಡಬಹುದು. ಹಾಗೆ ಮಾಡುವುದಾದರೆ ಮೊದಲು ಎದೆಗೆ ಹಚ್ಚಿ, ಬಳಿಕ ಅದನ್ನು ಕೊಡಿ.

ಆದರೆ ತಯಾರಿಸುವಾಗ ಎಚ್ಚರ ಬೇಕೇ ಬೇಕು. ಹಾಲಿನ ಹುಡಿ ಕ್ರಿಮಿಯಿಲ್ಲದ ವಸ್ತುವಲ್ಲ. ನೀರನ್ನು ಕುದಿಸಿ, ಅರ್ಧ ಗಂಟೆಯೊಳಗೆ, ಇನ್ನೂ 70 ಡಿಗ್ರಿಗಿಂತ ಕಡಿಮೆಯಾಗದಿರುವಾಗಲೇ ಹುಡಿ ಬೆರೆಸಬೇಕು. ಬಳಿಕ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಿ ಕೊಡಬೇಕು. ಎರಡು ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು. ಡಬ್ಬದ ಮೇಲೆ ಬರೆದ ಅಳತೆಯನ್ನು ಒಂದು ಚೂರೂ ಬದಲಿಸಬಾರದು. ಡಬ್ಬ ಬೇಗ ಮುಗಿಯುತ್ತದೆಂದು ನೀರು ಹೆಚ್ಚು ಹಾಕಿದರೆ ಹೊಟ್ಟೆ ತುಂಬಿದಂತೆ ಕಂಡರೂ ಮಗು ಸೊರಗುತ್ತದೆ. "ಗಟ್ಟಿಯಾಗಲಿ" ಎಂದು ಹುಡಿ ಹೆಚ್ಚಿಸಿದರೂ ತೊಂದರೆ. ಒಂದು ವರ್ಷದೊಳಗೆ ಹಸುವಿನ ಹಾಲನ್ನು ಕುಡಿಯಲು ಕೊಡಬಾರದು.

ನಮ್ಮ ದೇಶದಲ್ಲಿ 1992ರಲ್ಲಿ ಬಂದು 2003ರಲ್ಲಿ ಬಿಗಿಯಾದ ಕಾನೂನು ಎರಡು ವರ್ಷದೊಳಗಿನ ಮಕ್ಕಳ ಡಬ್ಬದ ಆಹಾರಕ್ಕೂ ಹಾಲಿನ ಬಾಟಲಿಗೂ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಉಚಿತ ಸ್ಯಾಂಪಲ್ ಹಂಚುವಂತಿಲ್ಲ. ಆದುದರಿಂದ ಯಾರಾದರೂ ಬಣ್ಣಬಣ್ಣದ ಚೀಟಿ ಹಿಡಿದು "ಈ ಡಬ್ಬ ಕೊಟ್ಟರೆ ಮಗು ಬುದ್ಧಿವಂತನಾಗುತ್ತಾನೆ" ಎಂದರೆ ನಂಬಬೇಡಿ.

ಕೆಲಸಕ್ಕೆ ಮರಳುವ ತಾಯಿ

2017ರ ತಿದ್ದುಪಡಿಯಿಂದ ಸಂಬಳ ಸಹಿತ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕೆಂಬುದೂ ಕಾನೂನಿನಲ್ಲಿದೆ. ಆದರೆ ಸಣ್ಣ ಶಾಲೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುವ ನಮ್ಮ ಅನೇಕ ಹೆಣ್ಣುಮಕ್ಕಳ ಕೈಗೆ ಇದು ತಲುಪುವುದಿಲ್ಲ. ಮೂರು ತಿಂಗಳಿಗೇ ಮರಳಬೇಕಾದ ಟೀಚರ್‌ಗಳು ಎಷ್ಟೋ ಮಂದಿ. ಅವರ ಹಾಲು ನಿಲ್ಲಬೇಕಾಗಿಲ್ಲ.

ಕೆಲಸಕ್ಕೆ ಹೋಗುವ ಎರಡು ಮೂರು ವಾರ ಮೊದಲೇ ದಿನಕ್ಕೊಮ್ಮೆ ಹಿಂಡುವ ಅಭ್ಯಾಸ ಮಾಡಿ. ಬೆಳಿಗ್ಗೆ ಮಗು ಕುಡಿದ ಬಳಿಕದ ಹೊತ್ತು ಇದಕ್ಕೆ ಉತ್ತಮ. ಹೊರಡುವ ಮುನ್ನ ಒಮ್ಮೆ ಕುಡಿಸಿ, ಬಂದ ಕೂಡಲೇ ಕುಡಿಸಿ. ನಡುವೆ ಮೂರು ಗಂಟೆಗೊಮ್ಮೆ ಹಿಂಡಿ. ಮುಖ್ಯೋಪಾಧ್ಯಾಯರಲ್ಲೋ ಮೇಲಧಿಕಾರಿಯಲ್ಲೋ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಮತ್ತು ಇಪ್ಪತ್ತು ನಿಮಿಷವನ್ನು ಸಂಕೋಚಪಡದೆ ಕೇಳಿ. ಲುಹರ್ ನಮಾಝ್‌ನ ಬಿಡುವನ್ನೂ ಇದಕ್ಕೆ ಹೊಂದಿಸಿಕೊಳ್ಳಬಹುದು. ಶೌಚಾಲಯದಲ್ಲಿ ನಿಂತು ಹಿಂಡಬೇಡಿ. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಹಾಲು ಮನೆಗೆ ಬರುವವರೆಗೆ ಕೆಡುವುದಿಲ್ಲ. ರಾತ್ರಿ ಮಗು ಹೆಚ್ಚು ಕುಡಿಯಲು ಎದ್ದರೆ ಬೇಸರಿಸಬೇಡಿ, ಹಗಲು ತಪ್ಪಿದ್ದನ್ನು ಅದು ತುಂಬಿಕೊಳ್ಳುತ್ತದೆ.

ಮನೆಯವರ ಪಾಲು

ಮೊಲೆಯುಣಿಸುವುದು ತಾಯಿಯೊಬ್ಬಳ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ಒಮ್ಮೆ ಪೂರ್ತಿಯಾಗಿ ಓದಿ. ಎರಡು ವರ್ಷಗಳ ಸ್ತನ್ಯಪಾನದ ಬಗ್ಗೆ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ಸೂಕ್ತ ತಾಯಿಯ ಊಟ-ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ, ಮಗುವಿನ ನೆಪದಲ್ಲಿ ತಾಯಿಗೆ ಕಷ್ಟ ಕೊಡುವುದನ್ನು ತಡೆಯುತ್ತದೆ, ಹಾಲು ಬಿಡಿಸುವ ತೀರ್ಮಾನವನ್ನು ಇಬ್ಬರೂ ಸಮಾಲೋಚಿಸಿ ಮಾಡಬಹುದೆನ್ನುತ್ತದೆ, ಬೇರೆಯವರಿಂದ ಹಾಲುಣಿಸಲೂ ಅವಕಾಶ ಕೊಡುತ್ತದೆ. ಈ ಭಾಗವನ್ನು ನಾವೇಕೆ ಅಷ್ಟಾಗಿ ಹೇಳುವುದಿಲ್ಲ? ಪತಿ ಊರಿನಲ್ಲಿದ್ದರೆ ಕುಡಿಸಿದ ನಂತರ ಮಗುವನ್ನು ಎತ್ತಿಕೊಂಡು ತೇಗು ತೆಗೆಸಲಿ, ಬಟ್ಟೆ ಬದಲಿಸಲಿ, ಪಂಪ್ ತೊಳೆಯಲಿ. ದುಬೈಯಲ್ಲೋ ಜಿದ್ದಾದಲ್ಲೋ ಇದ್ದರೆ ಫೋನಿನಲ್ಲಿ "ಮಗು ಏಕೆ ದಪ್ಪವಾಗಿಲ್ಲ?" ಎಂದು ಕೇಳುವ ಮೊದಲು "ನೀನು ಊಟ ಮಾಡಿದೆಯಾ, ನಿದ್ದೆ ಬಂತಾ?" ಎಂದು ಕೇಳಲಿ.

ಅತ್ತೆಯವರಿಗೂ ಉಮ್ಮನಿಗೂ ಒಂದು ಬಿನ್ನಹ. ಬಾಣಂತಿಗೆ ಮೆಂತ್ಯೆ ಗಂಜಿ, ಬೆಳ್ಳುಳ್ಳಿ ಪ್ರೀತಿಯಿಂದ ಕೊಡಿ. ಆದರೆ ನೀರು ಕುಡಿಯಬಾರದು, ತರಕಾರಿ ತಿನ್ನಬಾರದು ಎಂಬ ಪಥ್ಯ ಬೇಡ. ಹಾಲು ಹೆಚ್ಚಾಗುವುದು ಮುಖ್ಯವಾಗಿ ಮಗು ಹೆಚ್ಚು ಸಲ ಕುಡಿಯುವುದರಿಂದ. ಅದಕ್ಕೆ ತಾಯಿಗೆ ಬಿಡುವು ಬೇಕು. ನೋಡಲು ಬರುವವರ ಸಾಲು ಮುಗಿಯದಿದ್ದರೆ ಆಕೆ ಎದೆ ತೆರೆಯುವುದು ಯಾವಾಗ?

ರಮಝಾನ್ ಉಪವಾಸದ ಬಗ್ಗೆ ಅನೇಕರು ಕೇಳುತ್ತಾರೆ. ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಹಾಲುಣಿಸುವ ತಾಯಿ ಉಪವಾಸ ಬಿಡಲು ರಿಯಾಯಿತಿ ಇದೆ. ಬಳಿಕ ಹೇಗೆ ತೀರಿಸಬೇಕೆಂಬುದರಲ್ಲಿ ಮದ್ಹಬ್‌ಗಳ ನಡುವೆ ವ್ಯತ್ಯಾಸವಿರುವುದರಿಂದ ನಿಮ್ಮ ಉಸ್ತಾದರಲ್ಲಿ ಕೇಳಿ. ಆರು ತಿಂಗಳೊಳಗಿನ, ಎದೆಹಾಲನ್ನೇ ನಂಬಿರುವ ಮಗು ಮೂತ್ರ ಮಾಡುವುದು ಕಡಿಮೆಯಾದರೆ ಈ ರಿಯಾಯಿತಿಯನ್ನು ಬಳಸಿಕೊಳ್ಳಲು ಹಿಂಜರಿಯಬೇಡಿ. ಅದು ಅಲ್ಲಾಹನೇ ನೀಡಿದ ಸೌಲಭ್ಯ.

ಇನ್ನೊಂದು ವಿಷಯ ತಾಯಿಹಾಲಿನ ಬ್ಯಾಂಕ್. ಏಷ್ಯಾದ ಮೊದಲ ಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್‌ರಿಂದ ಪ್ರಾರಂಭವಾಯಿತು. ಅಲ್ಲಿ ದಾನಿಗಳ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಿಂಗಳು ತುಂಬದ ಮಕ್ಕಳಿಗೆ ಕೊಡುತ್ತಾರೆ. ನಮಗೆ ಇಲ್ಲಿ ಸ್ತನ್ಯ ಸಂಬಂಧದ ಪ್ರಶ್ನೆ ಏಳುತ್ತದೆ. ಒಬ್ಬಳ ಹಾಲು ಕುಡಿದ ಮಕ್ಕಳು ಒಡಹುಟ್ಟಿದವರಂತೆ, ಅವರ ನಡುವೆ ವಿವಾಹವಿಲ್ಲ. ಶಾಫಿಈ ಮದ್ಹಬ್‌ನಲ್ಲಿ ಐದು ಸಲ ಕುಡಿದಿರಬೇಕೆಂದಿದೆ. ಹನಫಿಯಲ್ಲಿ ಅಲ್ಪ ಕುಡಿದರೂ ಸಂಬಂಧ ಉಂಟಾಗುತ್ತದೆ. ಬ್ಯಾಂಕಿನ ಹಾಲಿನ ವಿಚಾರದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಯೂಸುಫುಲ್ ಕರ್ಝಾವಿಯವರು ಅದನ್ನು ಅನುಮತಿಸಿದ್ದರು, ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1985ರಲ್ಲಿ ವಿರೋಧಿಸಿತು. ಐಸಿಯುನಲ್ಲಿರುವ ಮಗುವಿಗೆ ಡಾಕ್ಟರರು ದಾನದ ಹಾಲು ಸೂಚಿಸಿದರೆ ತಡಮಾಡದೆ ಡಾಕ್ಟರರನ್ನೂ ಆಲಿಮರನ್ನೂ ವಿಚಾರಿಸಿ. ಮನೆಯಲ್ಲೇ ಅಕ್ಕನೋ ನಾದಿನಿಯೋ ಕುಡಿಸುವುದಾದರೆ ಆಕೆಯ ಆರೋಗ್ಯ ಪರೀಕ್ಷೆಯಾಗಿರಲಿ, ಯಾರು ಯಾರಿಗೆ ಕುಡಿಸಿದರೆಂದು ಬರೆದಿಡಿ. ಇಪ್ಪತ್ತು ವರ್ಷದ ಬಳಿಕ ಮದುವೆ ಮಾತುಕತೆಯ ಹೊತ್ತಿಗೆ ನೆನಪಿಸಿಕೊಳ್ಳುವಂತಾಗಬಾರದು.

ತಾಯಿಯ ಮನಸ್ಸು

ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಆದರೆ ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮಮತೆಯೇ ಹುಟ್ಟದಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಅದು ಈಮಾನಿನ ಕೊರತೆಯಲ್ಲ, ಕಣ್ಣು ತಾಗಿದ್ದೂ ಅಲ್ಲ. ಅದು ಮದ್ದಿರುವ ಕಾಯಿಲೆ. ಮನೆಯವರು ಆಕೆಯನ್ನು ಒಂಟಿಯಾಗಿ ಬಿಡದೆ ಕೂಡಲೇ ಡಾಕ್ಟರಿಗೆ ತೋರಿಸಬೇಕು. ಹಾಲುಣಿಸುತ್ತಾ ತೆಗೆದುಕೊಳ್ಳಬಹುದಾದ ಮದ್ದುಗಳಿವೆ. ಒಂದು ವೇಳೆ ಹಾಲು ನಿಲ್ಲಿಸಬೇಕಾಗಿ ಬಂದರೂ ತಾಯಿ ಉಳಿಯುವುದು ದೊಡ್ಡದು.

ಪ್ರವಾದಿ ಮೂಸಾ(ಅ)ರ ತಾಯಿಯ ಕಥೆ ನಮಗೆಲ್ಲ ಗೊತ್ತು. ಎದೆಗವಚಿ ಹಾಲುಣಿಸಿದ ಕೂಸನ್ನು ನದಿಗೆ ಬಿಡಬೇಕಾದ ಆ ತಾಯಿಯ ಹೃದಯ ಬರಿದಾಗಿತ್ತು. ಅರಮನೆಯಲ್ಲಿ ಮಗು ಬೇರೆ ಯಾರ ಹಾಲನ್ನೂ ಮುಟ್ಟಲಿಲ್ಲ. ಕೊನೆಗೆ ಅಲ್ಲಾಹನು ಆಕೆಯ ಕಣ್ಣು ತಂಪಾಗಲೆಂದು ಮಗುವನ್ನು ಆಕೆಗೇ ಮರಳಿಸಿದನು. ನಮ್ಮ ಪ್ರವಾದಿ(ಸ)ಯವರನ್ನು ಹಾಲೂಡಿ ಬೆಳೆಸಿದವರು ಹಲೀಮಾ ಸಅದಿಯಾ(ರ). ಎದೆಯಿಂದಲೇ ಕುಡಿಸುವವಳು, ಹಿಂಡಿ ಒಳಲೆಯಲ್ಲಿ ಕೊಡುವವಳು, ಬೇರೆ ದಾರಿಯಿಲ್ಲದೆ ಬಾಟಲಿ ಹಿಡಿಯುವವಳು - ಮೂವರೂ ತಾಯಂದಿರೇ.

ಆದುದರಿಂದ ಮುಂದಿನ ಬಾರಿ ಯಾವುದಾದರೂ ಬಾಣಂತಿಯನ್ನು ನೋಡಲು ಹೋದಾಗ "ಹಾಲು ಸಾಲುತ್ತದಾ?" ಎಂದು ಕೇಳುವ ಬದಲು ಮಗುವನ್ನು ಎತ್ತಿಕೊಂಡು, "ನೀನು ಒಂದು ಗಂಟೆ ಮಲಗು, ನಾನಿದ್ದೇನೆ" ಎಂದು ಹೇಳಿ ನೋಡಿ.